ರಾಷ್ಟ್ರವೀರ ದಾದಾಭಾಯಿ ನವರೋಜಿ

ರಾಜ್ಯೋತ್ಸವ ಬಂತೆಂದರೆ ನಮ್ಮ ಸಂಘಗಳಲ್ಲಿ ಮಕ್ಕಳ ಛದ್ಮವೇಷ ಸ್ಪರ್ಧೆ ಇದ್ದೇ ಇರುತ್ತದೆ. ರಟ್ಟಿನ ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮ, ಹೆಗಲಿಗೆ ಕಂಬಳಿ ಹೊದ್ದ ಸಂಗೊಳ್ಳಿ ರಾಯಣ್ಣ, ಒನಕೆ ಎತ್ತಿದ ಓಬವ್ವ ಒಬ್ಬರ ಹಿಂದೊಬ್ಬರು ವೇದಿಕೆಗೆ ಬರುತ್ತಾರೆ. ನೋಡಲು ಚೆಂದ, ಕೇಳಲು ಚೆಂದ. ಆದರೆ ಇಷ್ಟು ವರ್ಷಗಳಲ್ಲಿ ಯಾವ ಹುಡುಗನೂ ಕನ್ನಡಕ ಹಾಕಿಕೊಂಡು, ಬಿಳಿಯ ಗಡ್ಡ ಅಂಟಿಸಿಕೊಂಡು, ಕಂಕುಳಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡು ಬಂದು, ನಾನು ದಾದಾಭಾಯಿ ನವರೋಜಿ ಎಂದು ಹೇಳಿದ್ದನ್ನು ನಾನು ಕಂಡಿಲ್ಲ. ಮುಂಬಯಿಯ ಕನ್ನಡಿಗರಾದ ನಾವು ನಿತ್ಯವೂ ಅವರ ಹೆಸರಿನ ರಸ್ತೆಯಲ್ಲಿ ತಿರುಗಾಡುತ್ತೇವೆ. ಕೋಟೆ ಭಾಗದಲ್ಲಿ ದೊಡ್ಡ ರೈಲು ನಿಲ್ದಾಣದಿಂದ ಹುತಾತ್ಮ ಚೌಕದವರೆಗೆ ಹೋಗುವ, ಹಿಂದೆ ಹಾರ್ನ್‌ಬಿ ರೋಡ್ ಎನಿಸಿಕೊಂಡಿದ್ದ ಹಾದಿಯೇ ಈಗಿನ ದಾದಾಭಾಯಿ ನವರೋಜಿ ರಸ್ತೆ. ಆ ಹಾದಿಯ ಕೊನೆಗೆ ಕುಳಿತ ಭಂಗಿಯಲ್ಲಿ ಅವರ ಪ್ರತಿಮೆಯೂ ಇದೆ. ಅವಸರದಲ್ಲಿ ಓಡುವ ಜನಕ್ಕೆ ಅದನ್ನು ನೋಡಲು ಪುರಸತ್ತಿಲ್ಲ.

ಬಾಲಮಿತ್ರರೇ, ರಾಷ್ಟ್ರವೀರನೆಂದರೆ ಯಾರು ಎಂದು ನಿಮ್ಮನ್ನು ಕೇಳಿದರೆ ನೀವು ಏನು ಹೇಳುವಿರಿ? ಯುದ್ಧದಲ್ಲಿ ಗೆದ್ದವನೇ? ರಾಯಣ್ಣ ಗೆಲ್ಲಲಿಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟವನೇ? ಆ ತ್ಯಾಗಕ್ಕೆ ಸಮನಾದುದು ಇಲ್ಲ, ನಿಜ. ಆದರೆ 91 ವರ್ಷ ಬದುಕಿ, ಹಾಸಿಗೆಯ ಮೇಲೆ ಪ್ರಾಣ ಬಿಟ್ಟ ಮನುಷ್ಯನೂ ವೀರನಾಗಬಲ್ಲನೇ? ಒಂದು ದಿನವೂ ಆಯುಧ ಮುಟ್ಟದೆ, ಸೆರೆಮನೆ ಕಾಣದೆ, ಬರಿಯ ಕೂಡಿಸು ಕಳೆಯುವ ಲೆಕ್ಕ ಮಾಡಿದವನೂ? ಆಗಬಲ್ಲನೆಂದು ನನ್ನ ನಂಬಿಕೆ. ನಾನು ಬ್ಯಾಂಕಿನ ಗುಮಾಸ್ತ. ಲೆಕ್ಕದವರ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದ್ದರೆ ಓದುಗರು ಕ್ಷಮಿಸಬೇಕು.

ದಾದಾಭಾಯಿ ಹುಟ್ಟಿದ್ದು 1825ನೆಯ ಇಸವಿ ಸೆಪ್ಟೆಂಬರ 4ರಂದು, ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ. ಮಗುವಿಗೆ ನಾಲ್ಕು ವರ್ಷ ತುಂಬಿದಾಗ ತಂದೆ ನವರೋಜಿ ಪಾಲನಜಿ ತೀರಿಕೊಂಡರು. ತಾಯಿ ಮಾಣೆಕಬಾಯಿಗೆ ಅಕ್ಷರಜ್ಞಾನವಿರಲಿಲ್ಲ. ಮತ್ತೆ ಮದುವೆಯಾಗುವ ವಿಚಾರವನ್ನೇ ಮಾಡದೆ, ದುಡಿದು, ಒಬ್ಬನೇ ಮಗನನ್ನು ಓದಿಸಿದಳು. ಆಗ ಮುಂಬಯಿಯಲ್ಲಿ ಸಾರ್ವಜನಿಕರ ಹಣದಿಂದ ನಡೆಯುತ್ತಿದ್ದ ಶಾಲೆಯಲ್ಲಿ ಶುಲ್ಕವಿರಲಿಲ್ಲ. ಇದ್ದಿದ್ದರೆ ದಾದಾಭಾಯಿ ಶಾಲೆಯ ಮೆಟ್ಟಲು ಹತ್ತುತ್ತಲೇ ಇರಲಿಲ್ಲ. ಈ ಮಾತನ್ನು ಅವರು ಜೀವಮಾನದಲ್ಲಿ ಮರೆಯಲಿಲ್ಲ. ತನ್ನ ವಿದ್ಯೆಗೆ ಹಣ ತೆತ್ತವರು ಬಡಬಗ್ಗರು, ಆದ್ದರಿಂದ ಆ ವಿದ್ಯೆ ಅವರಿಗೆ ಸಲ್ಲಬೇಕಾದ ಸಾಲ ಎಂದು ತರುಣನಿರುವಾಗಲೇ ಗಂಟು ಹಾಕಿಕೊಂಡರು. ಪುಕ್ಕಟೆಯಾಗಿ ದೊರೆತುದನ್ನು ಸಾಲವೆಂದು ಬರೆದುಕೊಳ್ಳುವವರು ಲೋಕದಲ್ಲಿ ವಿರಳ. ಸಹಿ ಮಾಡಿ ತೆಗೆದುಕೊಂಡ ಸಾಲವನ್ನೇ ಮರೆಯುವ ಜನರನ್ನು ನಾನು ದಿನವೂ ನೋಡುತ್ತೇನೆ.

ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಹುಡುಗನ ಬುದ್ಧಿಶಕ್ತಿ ಕಂಡು ಸರ್ ಅರ್ಸ್ಕಿನ್ ಪೆರಿ ಎಂಬ ನ್ಯಾಯಾಧೀಶರು ಬೆರಗಾದರು. ಕಾಯಿದೆ ಓದಲು ಇವನನ್ನು ವಿಲಾಯತಿಗೆ ಕಳಿಸೋಣ, ಅರ್ಧ ಖರ್ಚು ನನ್ನದು, ಉಳಿದರ್ಧ ನಿಮ್ಮ ಸಮಾಜದ ಹಿರಿಯರು ಕೊಡಲಿ ಎಂದು ಮುಂದೆ ಬಂದರು. ಹುಡುಗ ಅಲ್ಲಿಗೆ ಹೋಗಿ ಕ್ರೈಸ್ತನಾಗಿಬಿಟ್ಟಾನೆಂದು ಹಿರಿಯರು ಹೆದರಿದರು. ಯೋಜನೆ ಅಲ್ಲಿಗೇ ನಿಂತಿತು. ದಾದಾಭಾಯಿ ಅದೇ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ಮುಂದೆ 30 ವರ್ಷ ತುಂಬುವ ಮೊದಲೇ ಅಲ್ಲಿ ಗಣಿತದ ಪ್ರಾಧ್ಯಾಪಕರಾದರು. ಆ ಪದವಿಗೇರಿದ ಪ್ರಥಮ ಭಾರತೀಯರು ಅವರೇ.

ಈ ಅವಧಿಯಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹೆಣ್ಣುಮಕ್ಕಳು ವಿಶೇಷವಾಗಿ ನೆನೆಯಬೇಕು. 1849ರಲ್ಲಿ ಅವರೂ ಅವರ ಜೊತೆಗಾರರೂ ಹುಡುಗಿಯರಿಗಾಗಿ ಶಾಲೆ ತೆರೆದರು. ಕಟ್ಟಡವಿಲ್ಲ, ಸಂಬಳದ ಶಿಕ್ಷಕರಿಲ್ಲ. ಈ ತರುಣರು ಮನೆಮನೆಗೆ ಹೋಗಿ, ನಿಮ್ಮ ಹುಡುಗಿಯರನ್ನು ಕಳಿಸಿರಿ, ಜಗಲಿಯ ಮೇಲೆ ಕೂಡಿಸಿ ಓದು ಬರಹ ಕಲಿಸುತ್ತೇವೆ ಎಂದು ಬೇಡಿದರು. ಕೆಲವರು ಒಪ್ಪಿದರು, ಕೆಲವರು ಮೆಟ್ಟಲಿನಿಂದ ಕೆಳಗೆ ನೂಕುತ್ತೇವೆಂದು ಬೆದರಿಸಿದರು. 1851ರಲ್ಲಿ ‘ರಾಸ್ತ್ ಗೋಫ್ತಾರ್’ ಎಂಬ ಗುಜರಾತಿ ಪತ್ರಿಕೆಯನ್ನೂ ಹೊರಡಿಸಿದರು.

1855ರಲ್ಲಿ ಅವರು ಪ್ರಾಧ್ಯಾಪಕ ವೃತ್ತಿಯನ್ನು ಬಿಟ್ಟು ಲಂಡನ್ನಿಗೆ ಹಡಗು ಹತ್ತಿದರು. ಕಾಮಾ ಮನೆತನದವರು ಇಂಗ್ಲೆಂಡಿನಲ್ಲಿ ತೆರೆದ ವ್ಯಾಪಾರದ ಕೋಠಿಗೆ ಪಾಲುಗಾರರಾಗಿ ಹೋದರು. ಭಾರತೀಯರು ಆ ದೇಶದಲ್ಲಿ ತೆರೆದ ಮೊದಲ ಕೋಠಿ ಅದು. ಲಾಭವೇನೋ ಚೆನ್ನಾಗಿತ್ತು. ಆದರೆ ಲಾಭದಲ್ಲಿ ಒಂದು ಭಾಗ ಅಫೀಮಿನಿಂದಲೂ ಮದ್ಯದಿಂದಲೂ ಬರುತ್ತಿತ್ತು. ಆ ಹಣವನ್ನು ದಾದಾಭಾಯಿ ಮುಟ್ಟಲೊಲ್ಲದೆ ಹೊರಬಿದ್ದರು. 1859ರಲ್ಲಿ ಸ್ವಂತ ಹೆಸರಿನಿಂದ ಹತ್ತಿಯ ವ್ಯಾಪಾರ ಪ್ರಾರಂಭಿಸಿದರು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದೊಡನೆ ಮುಂಬಯಿಯ ಎಷ್ಟೋ ಕೋಟ್ಯಧೀಶರು ಬೀದಿಗೆ ಬಂದರೆಂಬುದನ್ನು ನೀವು ಇತಿಹಾಸದಲ್ಲಿ ಓದಿರಬಹುದು. 1866ರಲ್ಲಿ ದಾದಾಭಾಯಿಯವರ ಕೋಠಿಯೂ ಮುಳುಗಿತು. ದಿವಾಳಿಯಾದ ವ್ಯಾಪಾರಿ ಸಾಮಾನ್ಯವಾಗಿ ಮೊದಲು ಅಡಗಿಸುವುದು ಲೆಕ್ಕದ ಪುಸ್ತಕವನ್ನು. ಇವರು ಪುಸ್ತಕಗಳನ್ನೆಲ್ಲ ಸಾಲಗಾರರ ಮುಂದೆ ಬಿಚ್ಚಿಟ್ಟರು. ಅವರ ಪ್ರಾಮಾಣಿಕತೆ ಕಂಡು ಸಾಲ ಕೊಟ್ಟವರೇ ಅವರನ್ನು ಗೌರವದಿಂದ ಋಣಮುಕ್ತರನ್ನಾಗಿ ಮಾಡಿದರು.

ವ್ಯಾಪಾರ ಹೋಯಿತು, ಆದರೆ ಅದೇ ಕಾಲದಲ್ಲಿ ಅವರ ನಿಜವಾದ ಕೆಲಸ ಪ್ರಾರಂಭವಾಯಿತು. 1866ರಲ್ಲಿ ಒರಿಸ್ಸಾದಲ್ಲಿ ಭೀಕರ ಕ್ಷಾಮ ಬಿದ್ದು ಸುಮಾರು 10 ಲಕ್ಷ ಜನ ಸತ್ತರು. ಮಳೆ ಕೈಕೊಟ್ಟಿತು, ದೈವ ಮುನಿಯಿತು ಎಂದು ಎಲ್ಲರೂ ಸುಮ್ಮನಾದರು. ದಾದಾಭಾಯಿ ಸುಮ್ಮನಾಗಲಿಲ್ಲ. ಒಂದು ವರ್ಷ ಮಳೆ ತಪ್ಪಿದರೆ ಇಷ್ಟು ಜನ ಸಾಯಬೇಕಾದರೆ, ಮಳೆಯಾದ ವರ್ಷದಲ್ಲಿ ಅವರ ಕೈಯಲ್ಲಿ ಏನು ಉಳಿಯುತ್ತಿತ್ತು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಅದುವರೆಗೆ ಈ ದೇಶದಲ್ಲಿ ಯಾರೂ ಅದಕ್ಕೆ ಉತ್ತರ ಹುಡುಕಿರಲಿಲ್ಲ. ಆಳುವ ಸರಕಾರವಂತೂ ಹುಡುಕಿರಲೇ ಇಲ್ಲ.

ಉತ್ತರ ಹುಡುಕಿದ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ, ಬೇಸರ ಪಡಬೇಡಿರಿ. ಪ್ರತಿ ಪ್ರಾಂತದ ಸರಕಾರಿ ವರದಿಗಳನ್ನು ತರಿಸಿಕೊಂಡು, ಎಷ್ಟು ಎಕರೆ ಸಾಗುವಳಿ, ಎಕರೆಗೆ ಎಷ್ಟು ಬೆಳೆ, ಬೆಳೆಗೆ ಏನು ಧಾರಣೆ ಎಂದು ತೆಗೆದು, ಗುಣಿಸಿ, ಕೂಡಿಸುತ್ತ ಹೋದರು. ಹಾಗೆ ಹೋಗುವಾಗ ಸರಕಾರಿ ವರದಿಗಳ ಸರಾಸರಿಯೇ ತಪ್ಪೆಂದು ಅವರ ಕಣ್ಣಿಗೆ ಬಿತ್ತು. ಉದಾಹರಣೆಗೆ, ಒಂದು ಜಿಲ್ಲೆಯಲ್ಲಿ 1,000 ಎಕರೆ ಭತ್ತ, ಎಕರೆಗೆ 10 ಮೂಟೆ ಎಂದಿಟ್ಟುಕೊಳ್ಳಿರಿ. ಇನ್ನೊಂದರಲ್ಲಿ 1,00,000 ಎಕರೆ, ಎಕರೆಗೆ 4 ಮೂಟೆ. ಅಧಿಕಾರಿಗಳು ಹತ್ತಕ್ಕೆ ನಾಲ್ಕು ಸೇರಿಸಿ, ಎರಡರಿಂದ ಭಾಗಿಸಿ, ಸರಾಸರಿ 7 ಮೂಟೆ ಎಂದು ಬರೆದುಬಿಡುತ್ತಿದ್ದರು. ನಿಜವಾಗಿ ಒಟ್ಟು ಬೆಳೆಯನ್ನು ಒಟ್ಟು ಎಕರೆಯಿಂದ ಭಾಗಿಸಿದರೆ ಬರುವುದು ನಾಲ್ಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ನಿಮ್ಮ ಶಾಲೆಯ ಹುಡುಗನೂ ಮಾಡಬಾರದ ಈ ತಪ್ಪನ್ನು ದೊಡ್ಡ ದೊಡ್ಡ ಸಿವಿಲಿಯನ್ನರು ವರ್ಷ ವರ್ಷವೂ ಅಚ್ಚು ಹಾಕಿಸುತ್ತಿದ್ದರು. ದಾದಾಭಾಯಿ ಒಂದೊಂದನ್ನೂ ತಿದ್ದಿ ಮತ್ತೆ ಲೆಕ್ಕ ಮಾಡಿದರು. ಆಗ ಗಣಕಯಂತ್ರವಿರಲಿಲ್ಲ, ಎಲ್ಲವೂ ಕಾಗದ, ಮಸಿ ಮತ್ತು ಎಣ್ಣೆಯ ದೀಪ.

ಕೊನೆಗೆ ಬಂದ ಸಂಖ್ಯೆ ಇದು: ಬ್ರಿಟಿಷ್ ಭಾರತದ ಒಟ್ಟು ಉತ್ಪನ್ನವನ್ನು ತಲೆಗೆ ಹಂಚಿದರೆ, ವರ್ಷಕ್ಕೆ 20 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ.

ಆ ಕಾಲದ 20 ರೂಪಾಯಿ ಕಡಿಮೆಯೇ, ಹೆಚ್ಚೇ ಎಂದು ನೀವು ಕೇಳಬಹುದು. ಈ ಪ್ರಶ್ನೆ ಬರುವುದೆಂದು ಅವರಿಗೂ ಗೊತ್ತಿತ್ತು. ಸರಕಾರ ತನ್ನ ಸೆರೆಮನೆಗಳಲ್ಲಿ ಒಬ್ಬ ಕೈದಿಯ ಊಟ ಬಟ್ಟೆಗೆ ಎಷ್ಟು ಖರ್ಚು ಮಾಡುತ್ತದೆಂಬ ಲೆಕ್ಕವನ್ನು ಸರಕಾರದ ವರದಿಯಿಂದಲೇ ತೆಗೆದು ಪಕ್ಕಕ್ಕಿಟ್ಟರು. ಪಂಜಾಬಿನಲ್ಲಿ 27 ರೂಪಾಯಿ, ಮುಂಬಯಿ ಪ್ರಾಂತದಲ್ಲಿ 47, ಮದ್ರಾಸಿನಲ್ಲಿ 53. ಕಳ್ಳನಿಗೆ ದೊರೆಯುವಷ್ಟು ಅನ್ನ ಉಳುವ ರೈತನ ಪಾಲಿಗಿಲ್ಲ! ಈ ಎರಡು ಸಾಲುಗಳನ್ನು ಎದುರುಬದುರು ಇಟ್ಟ ಮೇಲೆ ಭಾಷಣದ ಅವಶ್ಯಕತೆಯೇ ಇರಲಿಲ್ಲ. ಅವರ ಅಂದಾಜು ಒರಟಾದುದೆಂದು ಆಗಲೂ ಹೇಳಿದವರಿದ್ದರು, ಇಂದಿನ ಅರ್ಥಶಾಸ್ತ್ರಜ್ಞರೂ ಹೇಳುತ್ತಾರೆ. ಆದರೆ ಅವರನ್ನು ಸುಳ್ಳುಗಾರರನ್ನಾಗಿ ಮಾಡಬೇಕೆಂದು 1882ರಲ್ಲಿ ಸರಕಾರದವರು ತಾವೇ ಎಣಿಸಿದಾಗಲೂ ಬಂದ ಸಂಖ್ಯೆ 27 ರೂಪಾಯಿಯನ್ನು ದಾಟಲಿಲ್ಲ.

ಈ ಪ್ರಬಂಧವನ್ನು ಅವರು ಮುಂಬಯಿಯಲ್ಲಿ ಓದಿದ್ದು 1876ರಲ್ಲಿ. ಕನ್ನಡಿಗರು ಈ ವರ್ಷವನ್ನು ಗುರುತಿಟ್ಟುಕೊಳ್ಳಬೇಕು. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿದ ಮಹಾಕ್ಷಾಮ ಪ್ರಾರಂಭವಾದದ್ದು ಆ ವರ್ಷವೇ. ಬಳ್ಳಾರಿ, ಧಾರವಾಡ, ಬಿಜಾಪುರ, ಮೈಸೂರು ಎಲ್ಲವೂ ಅದರ ಬಾಯಿಗೆ ಬಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರವಿತ್ತು. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ನಾಡು ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ವರ್ಷಕ್ಕೆ 20 ರೂಪಾಯಿ ಎಂಬ ಒಣ ಸಂಖ್ಯೆಯ ಅರ್ಥ ನಮ್ಮ ಊರುಗಳಲ್ಲಿ ಹೀಗೆ ತೋರಿಬಂತು.

ಹಣವೆಲ್ಲ ಎಲ್ಲಿಗೆ ಹೋಗುತ್ತಿದೆ? ಇದು ಎರಡನೆಯ ಪ್ರಶ್ನೆ. ದಾದಾಭಾಯಿ ರಫ್ತು ಆಮದುಗಳ ಪಟ್ಟಿ ತೆಗೆದರು. ಭಾರತದಿಂದ ಹೊರಗೆ ಹೋಗುವ ಸರಕಿನ ಬೆಲೆ ವರ್ಷ ವರ್ಷವೂ ಒಳಗೆ ಬರುವುದಕ್ಕಿಂತ ಹೆಚ್ಚು. ವ್ಯಾಪಾರದ ನ್ಯಾಯದಂತೆ ಆ ಹೆಚ್ಚಿನ ಹಣ ನಮಗೆ ಬರಬೇಕು, ಬರುತ್ತಿರಲಿಲ್ಲ. ಇಂಗ್ಲಿಷ್ ಅಧಿಕಾರಿಗಳ ನಿವೃತ್ತಿ ವೇತನ, ಅವರು ಊರಿಗೆ ಕಳಿಸುವ ಉಳಿತಾಯ, ಲಂಡನ್ನಿನಲ್ಲಿದ್ದ ಭಾರತದ ಕಚೇರಿಯ ಖರ್ಚು, ರೈಲುದಾರಿಗಳ ಸಾಲದ ಬಡ್ಡಿ, ಹೊರದೇಶದಲ್ಲಿ ನಡೆಸಿದ ಯುದ್ಧಗಳ ವೆಚ್ಚ, ಹೀಗೆ ನೂರು ಹೆಸರಿನಿಂದ ಅದು ಅಲ್ಲಿಯೇ ಉಳಿಯುತ್ತಿತ್ತು. ಪಾಸ್‌ಪುಸ್ತಕದಲ್ಲಿ ಖರ್ಚಿನ ಕಲಮು ಮಾತ್ರ ತುಂಬುತ್ತ, ಜಮೆಯ ಕಲಮು ಖಾಲಿ ಉಳಿದ ಖಾತೆಯ ಗತಿ ಏನಾಗುವುದೆಂದು ನಿಮಗೆ ಗೊತ್ತೇ ಇದೆ. ಹಿಂದೆ ದಂಡೆತ್ತಿ ಬಂದವರೂ ಲೂಟಿ ಮಾಡಿದರು. ಆದರೆ ಇಲ್ಲಿಯೇ ನೆಲಸಿದವರು ಇಲ್ಲಿಯೇ ಖರ್ಚು ಮಾಡಿದರು, ಮತ್ತೆ ಮರಳಿ ಹೋದವರ ಲೂಟಿ ಒಂದು ಸಲಕ್ಕೆ ಮುಗಿಯಿತು. ಇದು ಮಾತ್ರ ಪ್ರತಿ ವರ್ಷ ಕಾಯಿದೆಯ ಪ್ರಕಾರ, ರಸೀದಿ ಕೊಟ್ಟು ನಡೆಯುವ ಸೋರಿಕೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಸ್ವಾತಂತ್ರ್ಯ ಚಳವಳಿಯ ಪ್ರತಿಯೊಬ್ಬ ಭಾಷಣಕಾರನೂ ಬಳಸಿದ ಬಾಣ ಈ ಬತ್ತಳಿಕೆಯದು.

ನಡುವೆ 1873ರ ಕೊನೆಯಲ್ಲಿ ಬಡೋದೆಯ ದಿವಾನರಾದರು. ಮಲ್ಹಾರರಾವ್ ಗಾಯಕವಾಡರ ದರಬಾರಿನ ಹೊಲಸು ಒಂದು ಕಡೆ, ಬ್ರಿಟಿಷ್ ರೆಸಿಡೆಂಟನ ದ್ವೇಷ ಇನ್ನೊಂದು ಕಡೆ. ಒಂದು ವರ್ಷದಲ್ಲಿ ಆಗುವಷ್ಟು ಸುಧಾರಣೆ ಮಾಡಿ, ರಾಜೀನಾಮೆ ಕೊಟ್ಟು ಬಂದರು.

ಲೆಕ್ಕ ಸರಿಯಿದ್ದರೂ ಕೇಳುವವರು ಬೇಕಲ್ಲ? ತೀರ್ಮಾನ ಮಾಡುವವರು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕುಳಿತಿದ್ದಾರೆ. ಆದ್ದರಿಂದ ಅಲ್ಲಿಯೇ ಹೋಗಿ ಕೂಡಬೇಕೆಂದು ದಾದಾಭಾಯಿ ನಿಶ್ಚಯಿಸಿದರು. ಆಗ ಅವರಿಗೆ 60 ವರ್ಷ. 1886ರಲ್ಲಿ ಹಾಲ್ಬರ್ನ್ ಕ್ಷೇತ್ರದಿಂದ ನಿಂತು ಸೋತರು. ಅದೇ ವರ್ಷ ಕಲಕತ್ತೆಯಲ್ಲಿ ಎರಡನೆಯ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿ ಮತ್ತೆ ವಿಲಾಯತಿಗೆ ಮರಳಿದರು. 1888ರಲ್ಲಿ ಸಾಕ್ಷಾತ್ ಪ್ರಧಾನಮಂತ್ರಿ ಲಾರ್ಡ್ ಸಾಲ್ಸ್‌ಬರಿಯೇ ತುಂಬಿದ ಸಭೆಯಲ್ಲಿ ಅವರನ್ನು ಕರಿಯನೆಂದು ಹಳಿದು, ಇಂಥವನನ್ನು ಇಂಗ್ಲಿಷರು ಆರಿಸಲಾರರೆಂದು ಆಡಿದ. ದಾದಾಭಾಯಿ ಪ್ರತಿಯಾಗಿ ಬೈಯಲಿಲ್ಲ. ಅವರ ಬದಲು ಅಲ್ಲಿನ ಪತ್ರಿಕೆಗಳೇ ಪ್ರಧಾನಿಯನ್ನು ತರಾಟೆಗೆ ತೆಗೆದುಕೊಂಡವು. ಅದುವರೆಗೆ ಅವರ ಹೆಸರು ಕೇಳದಿದ್ದ ಇಂಗ್ಲಿಷರಿಗೆ ಆ ಒಂದು ನಿಂದೆಯಿಂದ ಅವರ ಪರಿಚಯವಾಯಿತು.

1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಉದಾರ ಪಕ್ಷದ ಪರವಾಗಿ ಮತ್ತೆ ನಿಂತರು. ಅವರಿಗೆ 2,961 ಮತ, ಎದುರಾಳಿಗೆ 2,956. ಐದೇ ಮತದ ಗೆಲುವು! ಅವರ ಹೆಸರನ್ನು ಉಚ್ಚರಿಸಲಾಗದ ಜನ ಅದನ್ನೇ ತಿರುಚಿ ನ್ಯಾರೋ ಮೆಜಾರಿಟಿ ಎಂದು ತಮಾಷೆ ಮಾಡಿದರು. (ಡೈಸ್ ಸೋಂಬ್ರೆ ಎಂಬ ಮಿಶ್ರ ಸಂತತಿಯ ಗೃಹಸ್ಥನೊಬ್ಬ 1841ರಲ್ಲಿ ಆರಿಸಿ ಬಂದು ಮರುವರ್ಷವೇ ಸ್ಥಾನ ಕಳೆದುಕೊಂಡಿದ್ದ. ಆದರೆ ಭಾರತದ ದುಃಖವನ್ನು ಹೇಳಲೆಂದೇ ಆ ಸಭೆಯನ್ನು ಹೊಕ್ಕ ಮೊದಲ ಭಾರತೀಯರು ದಾದಾಭಾಯಿ.) ಬೈಬಲ್ಲಿನ ಬದಲು ಪಾರ್ಸಿಗಳ ಪವಿತ್ರ ಗ್ರಂಥ ಖೋರ್ದೆ ಅವೆಸ್ತಾದ ಮೇಲೆ ಕೈಯಿಟ್ಟು ಪ್ರಮಾಣವಚನ ಸ್ವೀಕರಿಸಿದರು.

ಆ ಸಭೆಯಲ್ಲಿ ಅವರು ಇದ್ದದ್ದು ಮೂರೇ ವರ್ಷ. ಸಿವಿಲ್ ಸರ್ವಿಸಿನ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮ ಬಡವರ ಮಕ್ಕಳು ಸಮುದ್ರ ದಾಟಿ ಹೋಗಿ ಬರೆಯುವುದೆಂತು? ಭಾರತದಲ್ಲಿಯೂ ಅದೇ ವೇಳೆಗೆ ಪರೀಕ್ಷೆ ನಡೆಯಬೇಕೆಂಬ ನಿರ್ಣಯ 1893ರ ಜೂನ್‌ನಲ್ಲಿ ಸಭೆಯಲ್ಲಿ ಅಂಗೀಕಾರವಾಯಿತು. ದಾದಾಭಾಯಿಯವರ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಸರಕಾರ ಆ ನಿರ್ಣಯವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತು. ಭಾರತದ ನೆಲದ ಮೇಲೆ ಆ ಪರೀಕ್ಷೆ ನಡೆದದ್ದು 1922ರಲ್ಲಿ. ಅದೇ 1893ರಲ್ಲಿ ಅವರ ಏಕಮಾತ್ರ ಪುತ್ರ ಅರ್ದೇಶೀರ್, ಡಾಕ್ಟರನಾಗಿದ್ದವನು, ಅಕಾಲದಲ್ಲಿ ತೀರಿಕೊಂಡ. ಎಳೆಯ ಮಕ್ಕಳು ತಬ್ಬಲಿಗಳಾದರು. ಆ ದುಃಖವನ್ನು ನುಂಗಿಕೊಂಡೇ ಮುದುಕ ಅದೇ ವರ್ಷದ ಕೊನೆಗೆ ಲಾಹೋರದ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಕುಳಿತ.

1895ರ ಚುನಾವಣೆಯಲ್ಲಿ ಸೋಲು. ಭಾರತದ ಖರ್ಚುವೆಚ್ಚ ಪರಿಶೀಲಿಸಲು ನೇಮಿಸಿದ ವೆಲ್ಬಿ ಆಯೋಗದಲ್ಲಿ ಸದಸ್ಯರಾಗಿ ದುಡಿದದ್ದಕ್ಕೂ ಫಲ ಅಲ್ಪ. 1901ರಲ್ಲಿ, ಅಂದರೆ 75ನೆಯ ವಯಸ್ಸಿನಲ್ಲಿ, ಜೀವಮಾನದ ಲೆಕ್ಕಗಳನ್ನೆಲ್ಲ ‘ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ’ ಎಂಬ ದಪ್ಪ ಗ್ರಂಥವಾಗಿ ಪ್ರಕಟಿಸಿದರು. 1906ರಲ್ಲಿ 80 ದಾಟಿದ ಮೇಲೆ ಲಂಡನ್ನಿನ ನಾರ್ತ್ ಲ್ಯಾಂಬೆತ್ ಕ್ಷೇತ್ರದಿಂದ ಮತ್ತೊಮ್ಮೆ ನಿಂತರು, ಮತ್ತೊಮ್ಮೆ ಸೋತರು. ಬಾಲಮಿತ್ರರೇ, ಇಲ್ಲಿಯವರೆಗಿನ ಜೀವನವನ್ನು ಜಮಾಖರ್ಚು ಹಾಕಿದರೆ ಮುಳುಗಿದ ವ್ಯಾಪಾರ ಒಂದು, ಬಿಟ್ಟ ದಿವಾನಗಿರಿ ಒಂದು, ಸೋತ ಚುನಾವಣೆ ಮೂರು, ಐದು ಮತದಿಂದ ಗೆದ್ದದ್ದು ಒಂದು. ಶಿಲೆಯಲ್ಲಿ ಕಟೆಯುವಂಥ ಪರಾಕ್ರಮವೇನೂ ಇದರಲ್ಲಿ ಕಾಣದು. ಆದರೆ ಪ್ರತಿ ಸೋಲಿನ ಮರುದಿನ ಅವರು ಮತ್ತೆ ಅದೇ ಮೇಜಿಗೆ ಹೋಗಿ ಕುಳಿತು, ಅದೇ ಅಂಕಿಗಳನ್ನು ಇನ್ನೊಮ್ಮೆ ಸರಿನೋಡಿ, ಇನ್ನೊಬ್ಬ ಮಂತ್ರಿಗೆ ಪತ್ರ ಬರೆದರು. ಒಂದೇ ಏಟಿಗೆ ಪ್ರಾಣ ಕೊಡುವ ಧೈರ್ಯ ಬೇರೆ. 50 ವರ್ಷ ದಿನವೂ ಸ್ವಲ್ಪ ಸ್ವಲ್ಪವಾಗಿ ಕೊಡುವ ಧೈರ್ಯ ಬೇರೆ. ಎರಡನೆಯದಕ್ಕೆ ಲಾವಣಿ ಕಟ್ಟುವವರು ಕಡಿಮೆ.

ಅವರಲ್ಲಿ ದೋಷವಿರಲಿಲ್ಲವೆಂದು ನಾನು ಹೇಳಲಾರೆ. ಇಂಗ್ಲಿಷರಿಗೆ ಸತ್ಯ ತಿಳಿಸಿದರೆ ಸಾಕು, ಅವರು ನ್ಯಾಯ ಮಾಡುತ್ತಾರೆಂದು ಬಹಳ ಕಾಲ ನಂಬಿದರು. ನನಗೆ ತೋರುವಂತೆ, ನಂಬಬೇಕಾದುದಕ್ಕಿಂತ ಹೆಚ್ಚು ಕಾಲ ನಂಬಿದರು. ತರುಣರು ಇದಕ್ಕಾಗಿ ಅವರನ್ನು ಹಾಸ್ಯ ಮಾಡಿದ್ದೂ ಉಂಟು. ಗಾಂಧೀಜಿಯವರು 1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ದಲ್ಲಿ ಇಂಥ ತರುಣರನ್ನು ತಡೆದು, ಈ ಮುದುಕ ನೆಲ ಹದ ಮಾಡದಿದ್ದರೆ ನಾವು ಸ್ವರಾಜ್ಯದ ಮಾತನ್ನಾದರೂ ಆಡಲು ಸಾಧ್ಯವಿತ್ತೇ ಎಂಬ ಭಾವದಿಂದ ಬುದ್ಧಿ ಹೇಳಿದ್ದಾರೆ. ಗಾಂಧೀಜಿ 1888ರಲ್ಲಿ ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋದಾಗ ದಾದಾಭಾಯಿಯವರಿಗೆ ಪರಿಚಯಪತ್ರ ಒಯ್ದಿದ್ದರು; ದಕ್ಷಿಣ ಆಫ್ರಿಕದಿಂದಲೂ ಅವರಿಗೆ ಪತ್ರ ಬರೆದು ಸಲಹೆ ಕೇಳುತ್ತಿದ್ದರು.

ನಂಬಿಕೆ ಕೊನೆಗೆ ಸಡಿಲಿತು. 1906ರ ಡಿಸೆಂಬರ, ಕಲಕತ್ತೆಯ ಕಾಂಗ್ರೆಸ್ಸು. ವಂಗಭಂಗದಿಂದ ದೇಶ ಕುದಿಯುತ್ತಿತ್ತು. ಸೌಮ್ಯರೂ ಉಗ್ರರೂ ಒಬ್ಬರ ಮುಖ ಒಬ್ಬರು ನೋಡಲೊಲ್ಲರು. ಇಬ್ಬರೂ ತಲೆಬಾಗುವ ಹಿರಿಯರು ಒಬ್ಬರೇ ಉಳಿದಿದ್ದರು. 81 ವರ್ಷದ ದಾದಾಭಾಯಿ ಸಮುದ್ರ ದಾಟಿ ಬಂದು ಮೂರನೆಯ ಸಲ ಅಧ್ಯಕ್ಷರಾದರು. ಧ್ವನಿ ಕುಗ್ಗಿತ್ತು, ಅವರ ಭಾಷಣವನ್ನು ಗೋಖಲೆಯವರು ಓದಿದರು. ಭಾರತಕ್ಕೆ ಬೇಕಾದುದು ಸ್ವರಾಜ್ಯ ಎಂಬುದು ಅಂದು ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಹೊರಟಿತು. 20 ರೂಪಾಯಿಯ ಲೆಕ್ಕ ಬರೆಯುತ್ತ ಬರೆಯುತ್ತ ಮುದುಕ ಈ ಮೊತ್ತಕ್ಕೆ ಬಂದು ಮುಟ್ಟಿದ್ದ.

ಮರುವರ್ಷ ಅವರು ಇಂಗ್ಲೆಂಡನ್ನು ಬಿಟ್ಟು ಬಂದು ಮುಂಬಯಿಯ ವರ್ಸೋವಾದ ಕಡಲ ದಂಡೆಯಲ್ಲಿ ನೆಲಸಿದರು. ಇಂದು ಅಲ್ಲಿ ಮೆಟ್ರೋ ಓಡುತ್ತದೆ. ಆಗ ಅದು ಬೆಸ್ತರ ಹಳ್ಳಿ. 1917ನೆಯ ಇಸವಿ ಜೂನ್ 30ರಂದು ದಾದಾಭಾಯಿ ತೀರಿಕೊಂಡರು. ತಂದೆಯಿಲ್ಲದೆ ಬೆಳೆದ ಅರ್ದೇಶೀರನ ಹೆಣ್ಣುಮಕ್ಕಳು ಅಜ್ಜನ ಹಾದಿಯನ್ನೇ ಹಿಡಿದು, ಅವನು ಹೋಗದಿದ್ದಲ್ಲಿಗೂ ಹೋದರು. ಪೆರೀನ್ ಕ್ಯಾಪ್ಟನ್ ಮುಂಬಯಿಯ ಬೀದಿಗಳಲ್ಲಿ ಸತ್ಯಾಗ್ರಹ ಹೂಡಿ ಬಂದಿಯಾದಳು. ಖುರ್ಷೇದಬೆನ್ ವಾಯವ್ಯ ಗಡಿನಾಡಿನ ಪಠಾಣರ ನಡುವೆ ಹೋಗಿ ಅಹಿಂಸೆಯ ಕೆಲಸ ಮಾಡಿ, ಸರಕಾರದ ಆಜ್ಞೆ ಮೀರಿ ಸೆರೆಮನೆ ಸೇರಿದಳು.